ಬಚ್ಚಲುಮನೆಯಲ್ಲಿ ತಲೆಬುರುಡೆ

ಹುಷಾರಪ್ಪನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಅದು ಸಂಬಳ ಬಟವಾಡೆ ಮಾಡುವವರಿಗೆ ಮಾತ್ರ ಗೊತ್ತಿತ್ತು, ಅವರಿಗೂ ತಿಂಗಳಿಗೊಮ್ಮೆಯಷ್ಟೇ ನೆನಪಾಗುತ್ತಿತ್ತು. ನೆಲ ತೊಳೆಯುವ ದ್ರಾವಣ ತಯಾರಿಸುವ ಕಾರ್ಖಾನೆಯೊಂದರ ಗೋಡೌನಿಗೆ ಅವನು ಸ್ಟೋರ್ ಕೀಪರ್. ಆ ಗೋಡೌನಿನೊಳಗೆ ಯಾರು ಕಾಲಿಟ್ಟರೂ, ಡ್ರಮ್ಮು ಉರುಳಿಸುವ ಆಳಾಗಲಿ, ತಪಾಸಣೆಗೆ ಬಂದ ಮ್ಯಾನೇಜರಾಗಲಿ, ದಾರಿ ತಪ್ಪಿ ನುಗ್ಗಿದ ಗುಬ್ಬಚ್ಚಿಯಾಗಲಿ, ಅವನ ಬಾಯಿಂದ ಮೊದಲು ಹೊರಡುತ್ತಿದ್ದದ್ದು "ಹುಷಾರಪ್ಪಾ!" ಎಂಬ ಕೂಗು. ಕೂಗಿ ಕೂಗಿ ಅದೇ ಅವನ ಹೆಸರಾಯಿತು. ಅವನಿಗೆ ಬೇಸರವೇನೂ ಇರಲಿಲ್ಲ. ಹುಷಾರಾಗಿರುವವನಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾವುದಿದ್ದೀತು ಎಂದು ಅವನ ನಂಬಿಕೆ.

ಗೋಡೌನಿನ ಗೋಡೆಯ ಮೇಲೆ ಸುರಕ್ಷತಾ ನಿಯಮಗಳ ಬೋರ್ಡೊಂದಿತ್ತು. ಉಳಿದವರು ಅದರ ಮೂಲೆಗೆ ಕೊಡೆ ನೇತುಹಾಕುತ್ತಿದ್ದರು. ಹುಷಾರಪ್ಪ ಮಾತ್ರ ಅದನ್ನು ಬಾಯಿಪಾಠ ಮಾಡಿದ್ದ. ಅದರಲ್ಲೂ ಮೊದಲ ನಿಯಮವೆಂದರೆ ಅವನಿಗೆ ಪ್ರಾಣ: ಲೇಬಲ್ ಇಲ್ಲದ ಡಬ್ಬವನ್ನು ವಿಷವೆಂದೇ ತಿಳಿಯತಕ್ಕದ್ದು. ಹೊಸ ಮ್ಯಾನೇಜರು ಬಂದ ಮೊದಲ ದಿನವೇ ತಮ್ಮ ಫ್ಲಾಸ್ಕನ್ನು ಗೋಡೌನಿನ ಮೇಜಿನ ಮೇಲಿಟ್ಟು ಆ ಕಡೆ ಹೋಗಿದ್ದರು. ಬಂದು ನೋಡಿದರೆ ಫ್ಲಾಸ್ಕು ಮರಳಿನ ಬಕೆಟ್ಟಿನಲ್ಲಿ ಕುತ್ತಿಗೆಯವರೆಗೆ ಹೂತುಹೋಗಿತ್ತು.

"ಅದು ನನ್ನ ಕಾಫಿ ಕಣಯ್ಯಾ!" ಎಂದು ಮ್ಯಾನೇಜರು ಹೌಹಾರಿದರು.

"ಇರಬಹುದು ಸಾರ್. ಆದ್ರೆ ಮೇಲೆ ಬರೆದಿಲ್ಲವಲ್ಲ" ಎಂದ ಹುಷಾರಪ್ಪ.

ಅಂದಿನಿಂದ ಮ್ಯಾನೇಜರ ಫ್ಲಾಸ್ಕಿನ ಮೇಲೆ 'ಕಾಫಿ' ಎಂಬ ಚೀಟಿ ಕಾಣಿಸಿಕೊಂಡಿತು. ಸಕ್ಕರೆ ಇದೆಯೋ ಇಲ್ಲವೋ ಎಂಬುದನ್ನೂ ಬರೆದರೆ ಒಳ್ಳೆಯದಿತ್ತು ಎಂದು ಹುಷಾರಪ್ಪನಿಗೆ ಅನ್ನಿಸಿತ್ತು. ಅಷ್ಟು ಉದ್ಧಟತನ ಬೇಡವೆಂದು ಸುಮ್ಮನಿದ್ದ.

ಇಂಥ ಮನುಷ್ಯ ಮನೆಯಲ್ಲಿ ಮಾತ್ರ ಬಹುಕಾಲ ಯಾರಿಗೂ ತೊಂದರೆ ಕೊಟ್ಟವನಲ್ಲ. ಅವನದು ಕೆಳಮಹಡಿಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಆ ಕೋಣೆಗೆ ದೊಡ್ಡದೊಂದು ಕಿಟಕಿ, ಬೆಳಗಿನಿಂದ ಸಂಜೆಯವರೆಗೆ ಬತ್ತದ ಬೆಳಕು. ಊರೆಲ್ಲ ಅಲೆದು, ಎಷ್ಟೋ ಕತ್ತಲೆ ಕೋಣೆಗಳನ್ನು ನೋಡಿ ಮುಖ ಸಿಂಡರಿಸಿದ ಮೇಲೆ ಅವಳಿಗೆ ಸಿಕ್ಕಿದ ಮನೆ ಇದು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೂ ಹೊಲಿಗೆ ಕಾಣುವ ಬೆಳಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳ ಬಾಯಲ್ಲಿ ಸದಾ ಗುಂಡುಪಿನ್ನುಗಳು ಇರುತ್ತಿದ್ದವು. ಪಿನ್ನು ಕಚ್ಚಿಕೊಂಡೇ ಮಾತಾಡಿದರೆ ವಿಷಯ ಸಾಧಾರಣದ್ದು, ಪಿನ್ನು ತೆಗೆದು ಮಾತಾಡಿದರೆ ವಿಷಯ ಕೆಟ್ಟಿದೆ ಎಂದು ಅರ್ಥ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದ ಅವಳ ತಾಯಿ, ಹುಷಾರಪ್ಪನ ಅತ್ತೆ, ಹಿಂದಿನ ಕೋಣೆಯಲ್ಲಿದ್ದರು. ಬಂದದ್ದು ಯಾವ ವರ್ಷ ಎಂಬುದನ್ನು ಈಗ ಯಾರೂ ಚರ್ಚಿಸುತ್ತಿರಲಿಲ್ಲ. ಅವರಿಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದು ದೊಡ್ಡ ಡಬ್ಬದ ಪೌಡರು ಮಾತ್ರ.

ಮೇಲಿನ ಮಹಡಿಯಲ್ಲಿ ಓನರಮ್ಮ. ಗೋಡೆ ಬೆಳ್ಳಗಿರಬೇಕು, ಮುಖ ಬೆಳ್ಳಗಿರಬೇಕು, ಇವೆರಡೇ ಅವರ ಜೀವನದ ಗುರಿ. ಗೋಡೆಗೆ ಮೊಳೆ ಹೊಡೆದವರನ್ನು, ಬೆನ್ನು ಒರಗಿಸಿದವರನ್ನು, ಒಮ್ಮೆ ಗೋಡೆಯ ಕಡೆ ತಿರುಗಿ ಸೀನಿದವರನ್ನೂ ಅವರು ಮನೆ ಬಿಡಿಸಿದ್ದರು. ಇತ್ತೀಚೆಗೆ ಅದೇಕೋ ಎಡಗೆನ್ನೆಗೆ ಅಂಗೈ ಒತ್ತಿಕೊಂಡೇ ಓಡಾಡುತ್ತಿದ್ದರು. ಹಲ್ಲುನೋವಿರಬೇಕೆಂದು ಬೀದಿಯವರು ತಿಳಿದಿದ್ದರು.

ಒಂದು ಭಾನುವಾರ ಬೆಳಿಗ್ಗೆ ಹುಷಾರಪ್ಪ ಓದುವ ಕನ್ನಡಕ ತೆಗೆಯಲು ಮರೆತು ಬಚ್ಚಲುಮನೆ ಹೊಕ್ಕ. ಆದ ಅನಾಹುತಕ್ಕೆಲ್ಲ ಮೂಲ ಇಷ್ಟೇ. ಗೀಸರಿನಲ್ಲಿ ನೀರು ಕಾಯುವವರೆಗೆ ಮಾಡಲು ಕೆಲಸವಿರಲಿಲ್ಲ. ಕಪಾಟಿನಿಂದ ಶಾಂಪೂ ಬಾಟಲಿ ಎತ್ತಿ ಹಿಂದೆ ತಿರುಗಿಸಿದ. ಇಷ್ಟು ವರ್ಷ ಆ ಜಾಗದಲ್ಲಿ ಇರುವೆ ಸಾಲಿನಂಥದ್ದೇನೋ ಇದೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಈಗ ಇರುವೆಗಳೆಲ್ಲ ಅಕ್ಷರಗಳಾಗಿ ನಿಂತವು. ಸೋಡಿಯಂ ಎಂದು ಶುರುವಾಗಿ ಸಲ್ಫೇಟ್ ಎಂದು ಮುಗಿಯುವ ಉದ್ದನೆಯ ಹೆಸರೊಂದನ್ನು ಓದಿ ಅವನು ಬಾಟಲಿಯನ್ನು ತಟ್ಟನೆ ನೆಲಕ್ಕಿಟ್ಟ. ಆ ಹೆಸರನ್ನು ಅವನು ಗೋಡೌನಿನಲ್ಲಿ ದಿನಾ ನೋಡುತ್ತಿದ್ದ.

"ಲೇ! ಬಾರೇ ಇಲ್ಲಿ!" ಎಂದು ಟವೆಲ್ ಸುತ್ತಿಕೊಂಡೇ ಹೊರಗೆ ಓಡಿಬಂದ. "ನಾವು ಇಷ್ಟು ದಿನ ತಲೆಗೆ ಹಾಕ್ಕೊಳ್ತಿದ್ದದ್ದು ಮೂರನೇ ಸಾಲಿನ ನೀಲಿ ಡ್ರಮ್ಮು ಕಣೇ!"

"ಡ್ರಮ್ಮನ್ನ ತಲೆಗೆ ಹಾಕ್ಕೊಳ್ಳೋಕಾಗುತ್ತೇನ್ರೀ? ಮೊದಲು ಸ್ನಾನ ಮುಗಿಸಿ ಬನ್ನಿ" ಎಂದಳು ಹೆಂಡತಿ, ಪಿನ್ನು ಕಚ್ಚಿಕೊಂಡೇ.

"ನೊರೆ ಬರಿಸೋ ಡ್ರಮ್ಮು! ಅದರ ಮುಚ್ಚಳ ತೆಗೀಬೇಕಾದ್ರೆ ಕೈಗವಸು ಬೇಕು, ಕಣ್ಣಿಗೆ ಕನ್ನಡಕ ಬೇಕು, ಪಕ್ಕದಲ್ಲಿ ನೀರಿನ ಪೈಪ್ ಹಿಡ್ಕೊಂಡು ಒಬ್ಬ ನಿಂತಿರಬೇಕು. ನೀನು ಬರೀ ಕೈಲಿ ಹಾಡು ಹೇಳ್ಕೊಂಡು ತಿಕ್ಕೊಳ್ತೀಯಲ್ಲೇ!"

"ಹಾಡೂ ಹೇಳಬಾರದಾ?"

ಅದಕ್ಕೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಹುಷಾರಪ್ಪ ಮತ್ತೆ ಬಚ್ಚಲುಮನೆ ಹೊಕ್ಕು ಇಡೀ ಕಪಾಟನ್ನು ಓದಿದ. ಟೂತ್‌ಪೇಸ್ಟಿನಲ್ಲಿ ಮೊದಲ ಸಾಲಿನ ಬಿಳಿ ಚೀಲ. ಕ್ರೀಮಿನಲ್ಲಿ ಬಾಗಿಲ ಹಿಂದಿನ ಚಿಕ್ಕ ಕ್ಯಾನು. ಮುಖದ ಪೌಡರಿನಲ್ಲಿ ಮೂಲೆಯ ಮೂಟೆ. ತನ್ನ ಗೋಡೌನೇ ಡಬ್ಬ ಬದಲಿಸಿಕೊಂಡು ಮನೆಗೆ ಬಂದು ಕೂತಿದೆ ಎಂದು ಅವನಿಗೆ ಖಾತ್ರಿಯಾಯಿತು. ಅಂದ ಮೇಲೆ ಗೋಡೌನಿನ ನಿಯಮಗಳೂ ಮನೆಗೆ ಬರುವುದೇ ನ್ಯಾಯ.

ಮರುದಿನ ಸಂಜೆ ಅವನ ಚೀಲದಿಂದ ರಬ್ಬರ್ ಕೈಗವಸು, ಕಣ್ಣು ಮುಚ್ಚುವ ದಪ್ಪ ಕನ್ನಡಕ, ಮಾಸ್ಕು, ಹಳದಿ ಕಪ್ಪು ಪಟ್ಟೆಯ ಟೇಪು, ಒಂದು ಸುರುಳಿ ತಲೆಬುರುಡೆ ಸ್ಟಿಕ್ಕರು ಹೊರಬಂದವು. ಬಚ್ಚಲುಮನೆಯ ಬಾಗಿಲಿಗೆ ಅಡ್ಡಡ್ಡ ಟೇಪು ಬಿತ್ತು. ಪ್ರತಿ ಬಾಟಲಿಯ ಮೇಲೂ ತಲೆಬುರುಡೆ ಹಲ್ಲು ಕಿರಿಯಿತು. ಬಾಗಿಲ ಬಳಿ ಮರಳಿನ ಬಕೆಟ್ಟು ಬಂದು ಕೂತಿತು. ಅತ್ತೆ ಪದ್ಧತಿಯಂತೆ ಪೌಡರ್ ಡಬ್ಬಕ್ಕೆ ಕೈಹಾಕಿದಾಗ ಅಳಿಯ ಎದುರಿಗೆ ನಿಂತಿದ್ದ.

"ಅತ್ತೆ, ಪೌಡರ್ ಹಚ್ಚೋ ಮುಂಚೆ ಕೈಗವಸು ಹಾಕ್ಕೊಳ್ಳಿ. ಕಣ್ಣಿಗೆ ಈ ಕನ್ನಡಕ. ಮೂಗು ಬಾಯಿಗೆ ಈ ಮಾಸ್ಕು."

ಅತ್ತೆ ಮೂರನ್ನೂ ತಿರುಗಿಸಿ ನೋಡಿದರು. "ಇಷ್ಟೆಲ್ಲ ಹಾಕ್ಕೊಂಡ ಮೇಲೆ ಪೌಡರ್ ಹಚ್ಚೋಕೆ ಮುಖ ಎಲ್ಲಿ ಉಳೀತು ಅಳಿಯಂದ್ರೇ?"

"ಹಣೆ ಉಳಿಯುತ್ತಲ್ಲ."

ಅತ್ತೆ ಹಣೆಗೆ ಮಾತ್ರ ಪೌಡರು ಹಚ್ಚಿಕೊಂಡು ಮಗಳ ಮುಂದೆ ಹೋಗಿ ನಿಂತರು. ಮಗಳು ನಕ್ಕಾಗ ಬಾಯಲ್ಲಿದ್ದ ಪಿನ್ನುಗಳೆಲ್ಲ ಚೆಲ್ಲಿಹೋದವು. ಹುಷಾರಪ್ಪನಿಗೆ ನಗುವುದೇನಿದೆ ಎಂದು ತಿಳಿಯಲಿಲ್ಲ. ಎಷ್ಟು ಕವಚ ತೊಡಿಸಿದರೂ ಇವರಿಗೆ ಬುದ್ಧಿ ಬಾರದು, ಸರಕನ್ನೇ ಹೊರಗೆ ಹಾಕಬೇಕು ಎಂದು ಅಲ್ಲೇ ನಿರ್ಧರಿಸಿದ.

ಹೊರಗೆ ಹಾಕಿದರೆ ಒಳಗೆ ಏನಾದರೂ ಬೇಕಲ್ಲ. ಅದಕ್ಕೂ ದಾರಿ ಕಂಡುಕೊಂಡ. ನಿಂಬೆಹಣ್ಣಿನ ಸಿಪ್ಪೆ, ಒಲೆಯ ಬೂದಿ, ಒಂದಿಷ್ಟು ಹಿಟ್ಟು, ಒಂದು ಹಿಡಿ ಸಕ್ಕರೆ, ಹಿತ್ತಲ ಗೋಡೆಯ ಬುಡದಲ್ಲಿ ತಾನಾಗಿ ಬೆಳೆದಿದ್ದ ಎಂಥದೋ ಎಲೆ, ಇವನ್ನೆಲ್ಲ ಅರೆದು ಮಣ್ಣಿನ ಬಣ್ಣದ ಪೇಸ್ಟೊಂದನ್ನು ಸಿದ್ಧಪಡಿಸಿ ಖಾಲಿ ಜಾಮ್ ಬಾಟಲಿಗೆ ತುಂಬಿದ. ಜಾಮಿನ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು, ಮುಚ್ಚಳ ಬಿಗಿದು ಬಾಟಲಿಯನ್ನು ಒಲೆಯ ಪಕ್ಕದ ಬೆಚ್ಚನೆ ಜಾಗದಲ್ಲಿಟ್ಟ. ತಲೆಗೂ ಅದೇ, ಹಲ್ಲಿಗೂ ಅದೇ, ಮೈಗೂ ಅದೇ.

"ಎಲ್ಲಕ್ಕೂ ಒಂದೇನಾ?" ಎಂದಳು ಹೆಂಡತಿ.

"ಮೈಯೆಲ್ಲ ಒಂದೇ ಮನುಷ್ಯನದಲ್ವೇನೇ? ಶುದ್ಧ ಪ್ರಕೃತಿ. ನೋಡು, ಹೇಗೆ ಗುಳ್ಳೆ ಬರ್ತಿದೆ! ಜೀವ ಇದೆ ಅದರಲ್ಲಿ."

"ನನಗೂ ಅದೇ ಭಯ."

ಹೆಂಡತಿ ಒಮ್ಮೆ ಹಚ್ಚಿಕೊಂಡು, ಎರಡನೇ ಸಲ ನೀರಿನಲ್ಲೇ ಸ್ನಾನ ಮುಗಿಸಿದಳು. ಅಳಿಯನ ಮನೆಯಲ್ಲಿರುವವರಿಗೆ ಅಂಥ ಸ್ವಾತಂತ್ರ್ಯವಿಲ್ಲವಾದ್ದರಿಂದ ಅತ್ತೆ ಮರುಮಾತಾಡದೆ ತಲೆಯೊಡ್ಡಿದರು. ವಾರ ಕಳೆಯುವಷ್ಟರಲ್ಲಿ ಅವರ ಬಿಳಿಕೂದಲಿಗೆ ಒಂದು ಥರದ ಪಾಚಿಬಣ್ಣ ಬಂತು. ಗೋಡೌನಿನಲ್ಲಿ ಆಳುಗಳು ಹುಷಾರಪ್ಪನೊಡನೆ ಮಾತಾಡುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ನಿಲ್ಲತೊಡಗಿದರು. ಎಲ್ಲರೂ ಸುರಕ್ಷತೆಯನ್ನು ಕಲಿಯುತ್ತಿದ್ದಾರೆಂದು ಅವನಿಗೆ ಸಂತೋಷವಾಯಿತು.

ಈಗ ಹಳೆಯ ಸರಕಿನ ವಿಲೇವಾರಿ. ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಮುಚ್ಚಿ, ನಾಲ್ಕು ಮೈಗೂ ತಲೆಬುರುಡೆ ಅಂಟಿಸಿದ. ಅಪಾಯದ ಸರಕು ಗೋಡೆಯಿಂದ ದೂರವಿರತಕ್ಕದ್ದು ಎಂಬ ನಿಯಮದಂತೆ ಪೆಟ್ಟಿಗೆಯನ್ನು ಗೇಟಿನಾಚೆ ಬೀದಿಯಲ್ಲಿಟ್ಟು, ಸುತ್ತ ನಾಲ್ಕು ಕೋಲು ನೆಟ್ಟು ಟೇಪು ಸುತ್ತಿ, ಪಕ್ಕದಲ್ಲಿ ಮರಳಿನ ಬಕೆಟ್ಟನ್ನೂ ಇಟ್ಟು ಕೆಲಸಕ್ಕೆ ಹೋದ.

ಕಸದ ಗಾಡಿಯವನು ಬಂದ. ಪೆಟ್ಟಿಗೆ ನೋಡಿದ. ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡ.

"ಇದ್ಯಾರದ್ರೀ? ತಲೆಬುರುಡೆ ಇದ್ದದ್ದನ್ನ ನಾನು ಮುಟ್ಟಲ್ಲ. ಇದನ್ನ ತೆಗೆಯೋವರೆಗೂ ಈ ಬೀದಿ ಕಸಾನೂ ಮುಟ್ಟಲ್ಲ."

ಅವನು ಹೇಳಿದಂತೆ ನಡೆದುಕೊಂಡ. ಬೀದಿಯ ಮನೆಮನೆಯ ಮುಂದೆ ಕಸದ ಬುಟ್ಟಿಗಳು ತುಂಬಿ ತುಳುಕಿದವು. ಮುಚ್ಚಿದ ಪೆಟ್ಟಿಗೆಯೊಂದು ಬೀದಿಯಲ್ಲಿ ಕೂತರೆ ಜನ ಸುಮ್ಮನಿರುತ್ತಾರೆಯೇ? ಎದುರುಮನೆಯ ನಿವೃತ್ತ ಮೇಷ್ಟ್ರು ಅದರೊಳಗೆ ಆಸಿಡ್ ಇದೆಯೆಂದು ಮೊದಲ ದಿನ ಹೇಳಿದರು. ಎರಡನೇ ದಿನ ಆಸಿಡ್ಡಿಗೆ ಯಾರೂ ಹೆದರದ್ದನ್ನು ಕಂಡು ಅದು ಸಿಡಿಮದ್ದಾಯಿತು. ಆಮೇಲೆ ಹೊರಜಗತ್ತಿಗೆ ಗೊತ್ತೇ ಇಲ್ಲದ ಒಂದು ರೋಗದ ಬೀಜವಾಯಿತು. ಮಕ್ಕಳು ಟೇಪಿನ ಹೊರಗಿನಿಂದ ಪೆಟ್ಟಿಗೆಗೆ ಕಲ್ಲು ಗುರಿಯಿಟ್ಟರು. ಮೇಷ್ಟ್ರು ಕಿಟಕಿ ಮುಚ್ಚಿಕೊಂಡರು, ಆದರೆ ನೋಡುವುದು ಕಷ್ಟವಾದದ್ದರಿಂದ ಮತ್ತೆ ತೆರೆದರು.

ಇದರ ಪೆಟ್ಟು ಬಿದ್ದದ್ದು ಹೊಲಿಗೆಯ ಕೋಣೆಗೆ. ಬಟ್ಟೆ ಕೊಡಲು ಬಂದವರು ಗೇಟಿನ ಮುಂದೆ ತಲೆಬುರುಡೆ ಕಂಡು ಹಾಗೇ ಕಾಲಿಗೆ ಬುದ್ಧಿ ಹೇಳಿದರು. ಅಳತೆ ನೋಡಲು ಬಂದಿದ್ದವಳೊಬ್ಬಳು ಅರ್ಧ ಹೊಲಿದ ಅಂಗಿಯನ್ನು ಪಿನ್ನು ಸಮೇತ ಕಿತ್ತುಕೊಂಡು ಹೋದಳು. ಸಂಜೆ ಹುಷಾರಪ್ಪ ಮನೆಗೆ ಬಂದಾಗ ಯಂತ್ರ ಸುಮ್ಮನಿತ್ತು. ಹೆಂಡತಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕುತ್ತಿದ್ದಳು.

"ರೀ, ಓನರಮ್ಮ ಬಂದು ಹೋದ್ರು. ಮನೇಲಿ ಏನೋ ತಯಾರು ಮಾಡ್ತಿದ್ದೀರಂತೆ, ವಾಸನೆ ಮೇಲಿನವರೆಗೂ ಬರ್ತಿದೆಯಂತೆ. ಆ ಪೆಟ್ಟಿಗೆ ಇನ್ನೊಂದು ದಿನ ಅಲ್ಲೇ ಇದ್ರೆ ನಾವೂ ಅದರ ಪಕ್ಕದಲ್ಲೇ ಇರಬೇಕಾಗುತ್ತಂತೆ."

"ಪೆಟ್ಟಿಗೇಲಿ ಇರೋದು ಶಾಂಪೂ ಅಂತ ಹೇಳಬೇಕಾಗಿತ್ತು."

"ಹೇಳ್ದೆ. ಶಾಂಪೂಗೆ ಯಾರಾದ್ರೂ ತಲೆಬುರುಡೆ ಅಂಟಿಸ್ತಾರಾ, ಸುಳ್ಳು ಹೇಳೋಕೂ ಮಿತಿ ಬೇಡ್ವಾ ಅಂದ್ರು." ಅವಳ ದನಿ ಒಡೆಯಿತು. "ಈ ಬೆಳಕು ಬಿಟ್ಟು ನಾನೆಲ್ಲಿಗೆ ಹೋಗ್ಲಿ ಹೇಳಿ? ಪೆಟ್ಟಿಗೆ ಒಳಗೆ ತಗೊಂಡು ಬನ್ನಿ, ಸಾಕು."

ಹುಷಾರಪ್ಪನಿಗೆ ನಿಜವಾಗಿಯೂ ಸಂಕಟವಾಯಿತು. ಅವಳ ಕಣ್ಣಲ್ಲಿ ನೀರು ನೋಡಿ ಅವನಿಗೆ ಅಭ್ಯಾಸವಿರಲಿಲ್ಲ. ಆದರೆ ತಲೆಬುರುಡೆ ಅಂಟಿಸಿ ಮುಚ್ಚಿದ ಪೆಟ್ಟಿಗೆಯನ್ನು ಅಧಿಕಾರಿಗಳ ಸಮ್ಮುಖದಲ್ಲಲ್ಲದೆ ತೆರೆಯುವಂತಿಲ್ಲ ಎಂಬುದೂ ಬೋರ್ಡಿನ ಮೇಲಿತ್ತು. ಹೆಂಡತಿ ಮತ್ತು ಬೋರ್ಡು ಇಬ್ಬರನ್ನೂ ಏಕಕಾಲಕ್ಕೆ ಸಮಾಧಾನಪಡಿಸುವ ದಾರಿಯೊಂದು ಅವನಿಗೆ ಹೊಳೆಯಿತು. ಬೀದಿಯಲ್ಲಿ ಇನ್ಯಾರೂ ಮಾಡಲು ಧೈರ್ಯಮಾಡದಿದ್ದ ಕೆಲಸವನ್ನು ಅವನೇ ಮಾಡಿದ. ಪುರಸಭೆಗೆ ಫೋನು ಮಾಡಿ, ತನ್ನ ಮನೆಯ ಮುಂದೆ ಅಪಾಯಕಾರಿ ರಾಸಾಯನಿಕಗಳಿವೆ, ಕೂಡಲೇ ಬರತಕ್ಕದ್ದು ಎಂದು ತನ್ನ ಮೇಲೆ ತಾನೇ ದೂರು ಕೊಟ್ಟ.

ಮರುದಿನ ಮಧ್ಯಾಹ್ನ ಹೆಲ್ತ್ ಇನ್ಸ್‌ಪೆಕ್ಟರು ಸ್ಕೂಟರಿನಲ್ಲಿ ಬಂದಿಳಿದರು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಇಡೀ ಬೀದಿ ನೆರೆದಿತ್ತು. ಓನರಮ್ಮ ಗೇಟಿನ ಮೆಟ್ಟಿಲ ಮೇಲೆ, ಕೆನ್ನೆಗೆ ಕೈ ಕೊಟ್ಟು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಸಾರ್, ನೀವು ಸರಿ ಇಲ್ಲ ಅಂತ ಒಂದು ಮಾತು ಹೇಳಿ ಸಾಕು. ಸಂಜೆಯೊಳಗೆ ಇವರನ್ನ ಖಾಲಿ ಮಾಡಿಸ್ತೀನಿ."

ಹುಷಾರಪ್ಪನ ಹೆಂಡತಿ ಕಿಟಕಿಯಲ್ಲಿ ನಿಂತಿದ್ದಳು. ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ.

ಇನ್ಸ್‌ಪೆಕ್ಟರು ಟೇಪು ದಾಟಿ ಪೆಟ್ಟಿಗೆಗೆ ಕೈ ಚಾಚಿದರು. "ಹುಷಾರಪ್ಪಾ!" ಎಂದು ಹುಷಾರಪ್ಪ ಕಿರುಚಿದ್ದಕ್ಕೆ ಅವರು ಬೆಚ್ಚಿ ಹಿಂದಕ್ಕೆ ಹಾರಿದರು. ಬೀದಿಯೂ ಅವರೊಡನೆ ಹಾರಿತು. ಮೇಷ್ಟ್ರು ತಮ್ಮ ಮನೆಯ ಬಾಗಿಲವರೆಗೂ ಹಾರಿದರು. ಕೊನೆಗೆ ಉದ್ದನೆಯ ಕೋಲೊಂದರಿಂದ ರಟ್ಟನ್ನು ಸೀಳಿ, ಇನ್ಸ್‌ಪೆಕ್ಟರು ಕತ್ತು ಚಾಚಿ ಒಳಗೆ ಇಣುಕಿದರು. ತುಂಬ ಹೊತ್ತು ಇಣುಕಿದರು. ಆಮೇಲೆ ಒಂದು ಬಾಟಲಿಯನ್ನು ಎತ್ತಿ ಹಿಡಿದರು.

"ಶಾಂಪೂ" ಎಂದರು. ಮತ್ತೊಂದನ್ನು ಎತ್ತಿದರು. "ಟೂತ್‌ಪೇಸ್ಟು. ಪೌಡರು. ಇದು... ಕಾಲು ಒಡಕಿನ ಕ್ರೀಮು."

"ನಾನು ಹಲ್ಲುಜ್ಜೋದೂ ಆ ಪೇಸ್ಟಲ್ಲೇ" ಎಂದು ಮೇಷ್ಟ್ರು ಬಾಗಿಲ ಬಳಿಯಿಂದ ಕ್ಷೀಣವಾಗಿ ಹೇಳಿದರು.

"ಏನ್ರೀ ಇದು?" ಇನ್ಸ್‌ಪೆಕ್ಟರು ಹುಷಾರಪ್ಪನ ಕಡೆ ತಿರುಗಿದರು. "ನಾನೂ ಬೆಳಿಗ್ಗೆ ಇದೇ ಶಾಂಪೂ ಹಾಕ್ಕೊಂಡು ಬಂದಿದ್ದೀನಿ. ನಾನೂ ಅಪಾಯಕಾರಿನೇನ್ರೀ?"

"ಕೈಗವಸು ಹಾಕ್ಕೊಂಡಿದ್ರಾ ಸಾರ್?"

ಇನ್ಸ್‌ಪೆಕ್ಟರು ಸೀನಿದರು. ಸೀನಿದ್ದು ಗೋಡೆಯ ಕಡೆಗಲ್ಲ ಎಂದು ಓನರಮ್ಮ ಖಚಿತಪಡಿಸಿಕೊಂಡರು. ಹುಷಾರಪ್ಪ ನೀಲಿ ಡ್ರಮ್ಮಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಇನ್ಸ್‌ಪೆಕ್ಟರು ಮೂಗೊರೆಸಿಕೊಳ್ಳುತ್ತ ಕೇಳಿದರು.

"ನಿಮ್ಮಲ್ಲಿರೋದು ಡ್ರಮ್ಮು. ಇಲ್ಲಿರೋದು ಅದರ ಹನಿ, ಅದನ್ನೂ ನೀರು ಹಾಕಿ ತೊಳೆದುಬಿಡ್ತೀರಿ. ಹಿಂದುಗಡೆ ಏನು ಬರೆದಿದೆ ಅಂತ ಓದಿದ್ದು ಒಳ್ಳೇದೇ, ಎಲ್ಲರೂ ಓದಬೇಕು. ಮೈಗೆ ಆಗಲಿಲ್ಲ ಅಂದ್ರೆ ಬಿಡಬೇಕು, ಡಾಕ್ಟರನ್ನ ಕೇಳಬೇಕು. ಅದಕ್ಕೆ ಇಡೀ ಬೀದಿ ಕಸ ನಿಲ್ಲಿಸಬೇಕಾ?"

ಜನ ನಗತೊಡಗಿದರು. ಕಿಟಕಿಯಲ್ಲಿ ಹೆಂಡತಿ ನಿಟ್ಟುಸಿರು ಬಿಟ್ಟಳು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಓನರಮ್ಮನಿಗೆ ತಮ್ಮ ಮೆಟ್ಟಿಲ ಮೇಲೆ ನಿಂತು ತಾವು ಮಾತಾಡದಿರುವುದು ಸರಿಕಾಣಲಿಲ್ಲ.

"ಅದಕ್ಕೇ ಸಾರ್, ನಾನು ಈ ಕಂಪನಿ ಸಾಮಾನುಗಳನ್ನ ಮುಟ್ಟೋದೇ ಇಲ್ಲ" ಎಂದು ಸೊಂಟದ ಪರ್ಸಿನಿಂದ ಪುಟ್ಟದೊಂದು ಡಬ್ಬಿ ತೆಗೆದು ಎತ್ತಿ ತೋರಿಸಿದರು. "ನೋಡಿ, ಇದೊಂದೇ ನಾನು ಹಚ್ಚೋದು. ಒಂದೂ ಕೆಮಿಕಲ್ ಇಲ್ಲ. ಕಂಪನಿ ಹೆಸರಿಲ್ಲ, ಒಂದಕ್ಷರ ಬರೆದಿಲ್ಲ, ಅಷ್ಟು ಶುದ್ಧ!"

ಒಂದಕ್ಷರ ಬರೆದಿಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಏನಾಯಿತು ಎಂಬುದು ಹುಷಾರಪ್ಪನಿಗೂ ಸರಿಯಾಗಿ ನೆನಪಿಲ್ಲ. ಅವನ ಕೈಕಾಲುಗಳು ಬೋರ್ಡಿನ ಮಾತನ್ನು ಅವನಿಗಿಂತ ಮೊದಲೇ ಕೇಳಿಸಿಕೊಂಡಿದ್ದವು. "ಲೇಬಲ್ ಇಲ್ಲ! ಕೆಳಗಿಡಿ!" ಎಂದು ಗರ್ಜಿಸಿ, ಮೆಟ್ಟಿಲು ಹಾರಿ, ಓನರಮ್ಮನ ಕೈಯಿಂದ ಡಬ್ಬಿ ಕಿತ್ತುಕೊಂಡು ಮರಳಿನ ಬಕೆಟ್ಟಿನಲ್ಲಿ ಮೊಣಕೈವರೆಗೆ ಹೂತುಬಿಟ್ಟ.

ಓನರಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆಮೇಲೆ ಅದರಿಂದ ಧ್ವನಿ ಬಂತು. "ಖಾಲಿ ಮಾಡಿ! ಸಂಜೆಯವರೆಗೂ ಬೇಡ, ಈಗಲೇ! ಮಿಷನ್ನು, ಮುದುಕಿ, ಪೆಟ್ಟಿಗೆ, ಬಕೆಟ್ಟು, ಎಲ್ಲಾ ಎತ್ಕೊಂಡು ಹೋಗಿ!"

ಹೆಂಡತಿ ಕಿಟಕಿಯಿಂದ ಸರಿದು ಯಂತ್ರದ ಮುಂದಿನ ಕುರ್ಚಿಯಲ್ಲಿ ಕುಸಿದಳು. ಮುದುಕಿ ಎನ್ನಿಸಿಕೊಂಡ ಅತ್ತೆ ಮಾತ್ರ ಬಾಗಿಲಿಗೆ ಬಂದು ನಿಂತರು. ಅವರನ್ನು ಆ ಹೆಸರಿನಿಂದ ಈವರೆಗೆ ಯಾರೂ ಕರೆದಿರಲಿಲ್ಲ.

"ಆ ಡಬ್ಬಿ ತೆಗೀರಿ" ಎಂದರು ಇನ್ಸ್‌ಪೆಕ್ಟರು. ಅವರ ದನಿ ಬದಲಾಗಿತ್ತು.

ಹುಷಾರಪ್ಪ ಮರಳು ಕೆದಕಿ ಡಬ್ಬಿ ತೆಗೆದುಕೊಟ್ಟ. ಅವರು ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. "ಎಲ್ಲಿ ತಗೊಂಡ್ರಮ್ಮಾ?"

"ಒಬ್ಬಳು ಬ್ಯಾಗ್ ಹಿಡ್ಕೊಂಡು ಬರ್ತಾಳೆ."

"ಏನವಳ ಹೆಸರು?"

"ಕೇಳಿಲ್ಲ. ಬಹಳ ಒಳ್ಳೆಯವಳು."

"ಒಳಗೇನಿದೆ?"

"ಎಲ್ಲಾ ನ್ಯಾಚುರಲ್ಲು."

"ನ್ಯಾಚುರಲ್ಲು ಅಂದ್ರೆ ಏನೇನು?" ಓನರಮ್ಮ ಅಂಗೈಯನ್ನು ಕೆನ್ನೆಗೆ ಇನ್ನಷ್ಟು ಒತ್ತಿಕೊಂಡರು. "ಸ್ವಲ್ಪ ಕೆನ್ನೆಯಿಂದ ಕೈ ತೆಗೀರಿ."

ಅವರು ತೆಗೆಯಲಿಲ್ಲ. ಇನ್ಸ್‌ಪೆಕ್ಟರು ಕಾದರು. ಬೀದಿಯೂ ಕಾದಿತು. ಕೊನೆಗೆ ಕೈ ಇಳಿಯಿತು. ಕೆನ್ನೆಯ ಮೇಲೆ ಅಂಗೈಯಗಲ ಕೆಂಪು, ಸುತ್ತ ಸುಟ್ಟಂತೆ ಕಪ್ಪು ಅಂಚು. ಪಾಪ, ಹಲ್ಲುನೋವೆಂದು ತಿಳಿದಿದ್ದವರೆಲ್ಲ ಮುಖ ಬೇರೆ ಕಡೆ ತಿರುಗಿಸಿದರು. ನಗುವವರು ಯಾರೂ ಇರಲಿಲ್ಲ.

"ಇದನ್ನ ಪರೀಕ್ಷೆಗೆ ಕಳಿಸ್ತೀನಿ" ಎಂದರು ಇನ್ಸ್‌ಪೆಕ್ಟರು. "ನೀವು ಇವತ್ತೇ ಚರ್ಮದ ಡಾಕ್ಟರ ಹತ್ರ ಹೋಗಿ. ಈ ಬೀದೀಲಿ ತಲೆಬುರುಡೆ ಅಂಟಿಸಬೇಕಾದ ಸಾಮಾನು ಅಂತಿದ್ರೆ ಇದೊಂದೇ." ಎಂದು ಹುಷಾರಪ್ಪನ ಕಡೆ ಕೈಚಾಚಿದರು. "ಕೊಡ್ರಿ ಒಂದು ಸ್ಟಿಕ್ಕರು."

ಸರಕಾರವೇ ತನ್ನ ಸ್ಟಿಕ್ಕರು ಬೇಡಿದ ಆ ಗಳಿಗೆಯಲ್ಲಿ, ಜೇಬಿನ ಸುರುಳಿಯಿಂದ ಒಂದನ್ನು ಕಿತ್ತುಕೊಟ್ಟ ಹುಷಾರಪ್ಪನ ಎದೆ ಉಬ್ಬಿತು. ಇಷ್ಟು ವರ್ಷ ಕೊಡೆ ನೇತುಹಾಕುವ ಬೋರ್ಡಾಗಿದ್ದ ನಿಯಮಕ್ಕೆ ಕೊನೆಗೂ ಮರ್ಯಾದೆ ಬಂತು. ಅವನು ಮರಳಿನ ಬಕೆಟ್ಟಿನ ಪಕ್ಕದಲ್ಲಿ ನೆಟ್ಟಗೆ ನಿಂತು, ಗಂಟಲು ಸರಿಪಡಿಸಿಕೊಂಡ.

"ಮಹನೀಯರೇ, ಇದರಿಂದ ತಾವೆಲ್ಲ ತಿಳಿಯಬೇಕಾದ್ದೇನೆಂದರೆ, ಲೇಬಲ್ ಇಲ್ಲದ ಡಬ್ಬವನ್ನು ವಿಷವೆಂದೇ..."

ಢಂ! ಎಂದು ಅವನ ಮನೆಯೊಳಗಿನಿಂದ ಸದ್ದು ಬಂತು.

ಸಿಡಿಮದ್ದೆಂದು ಮೊದಲೇ ಹೇಳಿದ್ದ ಮೇಷ್ಟ್ರಿಗೆ ಸಂತೋಷಪಡಲೂ ಪುರುಸೊತ್ತಾಗಲಿಲ್ಲ, ಓಡಿದರು. ಬೀದಿಯೂ ಓಡಿತು. ಹುಷಾರಪ್ಪ ಮಾತ್ರ ಬಕೆಟ್ಟು ಎತ್ತಿಕೊಂಡು ಒಳಗೆ ಧಾವಿಸಿದ. ಹಿಂದೆ ಇನ್ಸ್‌ಪೆಕ್ಟರು, ಅವರ ಹಿಂದೆ ತಮ್ಮ ಗೋಡೆಗಾಗಿ ಪ್ರಾಣವನ್ನೂ ಲೆಕ್ಕಿಸದ ಓನರಮ್ಮ. ಅಡುಗೆಮನೆಯಲ್ಲಿ ಗಾಜಿನ ಚೂರು ಹರಡಿತ್ತು. ಒಲೆಯಿಂದ ಸೂರಿನವರೆಗೆ ಬಿಳಿಗೋಡೆಯ ಮೇಲೆ ಮಣ್ಣುಬಣ್ಣದ ಮುದ್ದೆ ನಿಧಾನವಾಗಿ ಜಾರುತ್ತಿತ್ತು. ಮೂಗು ಕಟ್ಟಿದ್ದ ಇನ್ಸ್‌ಪೆಕ್ಟರೊಬ್ಬರನ್ನು ಬಿಟ್ಟು ಎಲ್ಲರೂ ಮೂಗು ಮುಚ್ಚಿಕೊಂಡರು.

"ಯಾರೂ ಮುಟ್ಟಬೇಡಿ!" ಹುಷಾರಪ್ಪ ಎರಡೂ ಕೈ ಚಾಚಿ ತಡೆದ. "ಲೇಬಲ್ ಇಲ್ಲ..."

ಎಂದವನು ಅಲ್ಲೇ ನಿಂತ.

"ಏನಿತ್ತು ಅದರಲ್ಲಿ?" ಎಂದರು ಇನ್ಸ್‌ಪೆಕ್ಟರು.

"ನಿಂಬೆ ಸಿಪ್ಪೆ ಸಾರ್. ಬೂದಿ, ಹಿಟ್ಟು, ಸಕ್ಕರೆ. ಮತ್ತೆ ಎಲೆ."

"ಯಾವ ಎಲೆ?"

ಹುಷಾರಪ್ಪ ಹಿತ್ತಲ ಕಡೆ ಬೆರಳು ತೋರಿಸಿದ. "ಹಸಿರು ಎಲೆ ಸಾರ್."

"ಇದನ್ನ ಏನು ಮಾಡ್ತಿದ್ರಿ?"

"ನನ್ನ ತಲೆಗೆ ಹಚ್ಚಿಸ್ತಿದ್ರು" ಎಂದರು ಅತ್ತೆ, ಬಾಗಿಲಿನಿಂದ ಮುಂದೆ ಬಂದು. ಇನ್ಸ್‌ಪೆಕ್ಟರು ಅವರ ಕೂದಲನ್ನು ನೋಡಿದರು, ಓನರಮ್ಮನ ಕೆನ್ನೆಯನ್ನು ನೋಡಿದರು, ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು, ಗೋಡೆಯನ್ನು ನೋಡಿದರು. ಆಮೇಲೆ ಹುಷಾರಪ್ಪನ ಅಂಗಿಯ ಜೇಬಿನಲ್ಲಿದ್ದ ಸುರುಳಿಯಿಂದ ಇನ್ನೊಂದು ತಲೆಬುರುಡೆ ಕಿತ್ತು, ಆ ಜೇಬಿನ ಮೇಲೆಯೇ ಅಂಟಿಸಿದರು.

ಓನರಮ್ಮ ಒಂದು ಕೈಯಿಂದ ಕೆನ್ನೆ ಹಿಡಿದುಕೊಂಡು, ಇನ್ನೊಂದು ಕೈಯನ್ನು ಗೋಡೆಯ ಕಡೆ ತೋರಿಸುತ್ತ ನಿಂತಿದ್ದರು. ಮಾತು ಹೊರಡುವುದರೊಳಗೆ ಹುಷಾರಪ್ಪನ ಹೆಂಡತಿ ಅವರ ಮುಂದೆ ಬಂದಳು.

"ಅಮ್ಮಾ, ಗೋಡೆ ಕಲೆ ನಾವು ತೆಗೀತೀವಿ. ಕೆನ್ನೆ ಕಲೆ ತೆಗೆಯೋಕೆ ಡಾಕ್ಟರೇ ಬೇಕು. ನೀವು ಮೊದಲು ಹೋಗಿ ತೋರಿಸ್ಕೊಂಡು ಬನ್ನಿ. ಬರೋ ಹೊತ್ತಿಗೆ ಗೋಡೆ ಬೆಳ್ಳಗಿಲ್ಲದಿದ್ರೆ ನೀವು ಹೇಳೋದೇ ಬೇಡ, ನಾವೇ ಹೊರಡ್ತೀವಿ."

ಓನರಮ್ಮ ಅವಳನ್ನು ದಿಟ್ಟಿಸಿದರು. ಕೆನ್ನೆ ಉರಿಯುತ್ತಿದೆಯಾ ಎಂದು ಈ ಬೀದಿಯಲ್ಲಿ ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಇವಳೂ ಕೇಳಲಿಲ್ಲ, ಆದರೆ ಕೇಳಿದ ಹಾಗೇ ಇತ್ತು. "ಬೆಳ್ಳಗೆ ಅಂದ್ರೆ ಮೊದಲಿದ್ದಷ್ಟೇ ಬೆಳ್ಳಗಿರಬೇಕು" ಎಂದು ಹೇಳಿ ಇನ್ಸ್‌ಪೆಕ್ಟರ ಸ್ಕೂಟರಿನ ಹಿಂದೆ ಕೂತು ಹೋದರು.

ಹುಷಾರಪ್ಪ ಗೋಡೆಗೆ ನೀರೆರಚಿದ. ಕಲೆ ಅಗಲವಾಯಿತು. ಬಟ್ಟೆಯಿಂದ ಒರೆಸಿದ. ಇನ್ನೂ ಅಗಲವಾಯಿತು. ಹೆಂಡತಿ ಬೀದಿಯ ಪೆಟ್ಟಿಗೆಯಿಂದ ಶಾಂಪೂ ಬಾಟಲಿ ತಂದು ಅವನ ಮುಂದೆ ಹಿಡಿದಳು.

"ಅದಾ?" ಎಂದ.

"ಅದೇ. ಮೂರನೇ ಸಾಲಿನ ನೀಲಿ ಡ್ರಮ್ಮು."

"ಕೈಗವಸು ಎಲ್ಲಿ?"

"ಅಮ್ಮನ ಕೈಲಿದೆ. ತಲೆಗೆ ಶಾಂಪೂ ಹಾಕ್ಕೊಳ್ತಿದ್ದಾಳೆ. ನೀವೇ ರೂಲ್ಸು ಮಾಡಿದ್ದಲ್ವಾ?"

ಬಚ್ಚಲುಮನೆಯಿಂದ ನೀರಿನ ಸದ್ದೂ ಅದರ ಜೊತೆಗೆ ಅತ್ತೆಯ ಹಾಡೂ ಕೇಳಿಬಂತು. ಮುಂದಿನ ಕೋಣೆಯ ಕಿಟಕಿಯಿಂದ ಬಂದ ಬಿಸಿಲು ಅಡುಗೆಮನೆಯ ಹೊಸ್ತಿಲವರೆಗೆ ಚಾಚಿತ್ತು. ಹುಷಾರಪ್ಪ ಅದನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಬೋರ್ಡಿನ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಕ್ಷಮೆ ಕೇಳಿ, ಬರಿಗೈಗೆ ಶಾಂಪೂ ಸುರಿದುಕೊಂಡು ಗೋಡೆ ಉಜ್ಜಿದ. ನೊರೆ ಎದ್ದಿತು. ಕಲೆ ಕರಗಿತು. ಸೂರಿನ ಬಳಿಯ ಕೊನೆಯ ಚುಕ್ಕೆಯನ್ನೂ ಸ್ಟೂಲಿನ ಮೇಲೆ ನಿಂತು ತಿಕ್ಕಿದ. ಕೆಲಸ ಮುಗಿದ ಮೇಲೆ ಕೈಗಳನ್ನು ತಿರುಗಿಸಿ ನೋಡಿಕೊಂಡ, ಬೆರಳುಗಳೆಲ್ಲ ಇದ್ದವು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು ಅಂಗೈಯನ್ನು ಮೂಸಿದ. ಹೂವಿನ ವಾಸನೆ ಬರುತ್ತಿತ್ತು.

ಸಂಜೆ ಓನರಮ್ಮ ಬಂದರು. ಗೋಡೆಯ ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋಗಿ ನೋಡಿದರು. ಗೋಡೆಯ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡು ಮೇಲೆ ಹೋದರು. ಮರುದಿನ ಬೆಳಿಗ್ಗೆ ತಾವೇ ಒಂದು ಬಟ್ಟೆಯ ತುಂಡು ತಂದು ಹೊಲಿಯಲು ಕೊಟ್ಟರು. ಅದನ್ನು ಎದುರುಮನೆಯ ಕಿಟಕಿಯಿಂದ ಮೇಷ್ಟ್ರು ನೋಡಿದ್ದರಿಂದ, ಉಳಿದ ಗಿರಾಕಿಗಳೂ ಅಂದೇ ವಾಪಸಾದರು. ಕೆಲವು ದಿನಗಳಲ್ಲಿ ಡಬ್ಬಿಯ ಪರೀಕ್ಷೆಯ ಸುದ್ದಿಯೂ ಬಂತು. ಮುಖಕ್ಕೆ ಹಚ್ಚಬಾರದ್ದೇ ಅದರಲ್ಲಿ ಹೆಚ್ಚಾಗಿತ್ತಂತೆ. ಬ್ಯಾಗಿನವಳು ಮತ್ತೆ ಆ ಬೀದಿಗೆ ಬರಲಿಲ್ಲ. ಓನರಮ್ಮ ಈಗ ಏನು ಕೊಂಡರೂ ಮೊದಲು ಕೆಳಗಿಳಿದು ಬರುತ್ತಿದ್ದರು. "ಸ್ವಲ್ಪ ಓದಿ ಹೇಳಿ, ಕಣ್ಣು ಕಾಣಲ್ಲ" ಎನ್ನುತ್ತಿದ್ದರು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಹುಷಾರಪ್ಪ ಕನ್ನಡಕ ಏರಿಸಿಕೊಂಡು ಇರುವೆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಗಂಭೀರವಾಗಿ ಓದಿ ಹೇಳುತ್ತಿದ್ದ. ಡ್ರಮ್ಮಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಆದರೂ ಹಳೆಯ ಚಾಳಿ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಮತ್ತೊಂದು ಭಾನುವಾರ, ಗೀಸರಿನ ನೀರು ಕಾಯುತ್ತಿದ್ದಾಗ, ಅತ್ತೆ ಹೊಸದಾಗಿ ತಂದ ಪೌಡರಿನಲ್ಲಿ ಏನಿದೆಯೋ ನೋಡೋಣವೆಂದು ಅವನು ಕಪಾಟಿನತ್ತ ಕೈ ಚಾಚಿದ. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಡಬ್ಬದ ಸುತ್ತ ಹಳದಿ ಕಪ್ಪು ಟೇಪು. ಅದರ ಮೇಲೆ ಅವನದೇ ಸುರುಳಿಯ ತಲೆಬುರುಡೆ.

"ಇದೇನು ಅತ್ತೆ?" ಎಂದು ಹೊರಗೆ ಬಂದು ಕೇಳಿದ.

ಅತ್ತೆಯ ಮುಖ ಹಣೆಯಿಂದ ಗದ್ದದವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. "ಮುಟ್ಟಬೇಡಿ ಅಳಿಯಂದ್ರೇ. ಅಧಿಕಾರಿಗಳು ಬರೋವರೆಗೂ ಅದನ್ನ ತೆಗೆಯೋ ಹಾಗಿಲ್ಲ. ರೂಲ್ಸು."

ಹುಷಾರಪ್ಪ ಯೋಚಿಸಿದ. ನಿಯಮ ನಿಯಮವೇ. ಬಚ್ಚಲುಮನೆಗೆ ಹಿಂದಿರುಗಿ, ಪೌಡರ್ ಡಬ್ಬಕ್ಕೆ ಮೈ ತಗುಲದಂತೆ ಗೋಡೆಯ ಬದಿಗೆ ಸರಿದು ಸ್ನಾನಕ್ಕೆ ನಿಂತ. ಮುಂದಿನ ಕೋಣೆಯಲ್ಲಿ ಯಂತ್ರ ಒಂದು ಕ್ಷಣ ನಿಂತಿತು. ಮದುವೆಯಾದಾಗಿನಿಂದ ಅವನನ್ನು ಎಂದೂ ಆ ಹೆಸರಿನಿಂದ ಕರೆಯದಿದ್ದ ಹೆಂಡತಿ, ಬಾಯಿತುಂಬ ಪಿನ್ನು ಕಚ್ಚಿಕೊಂಡೇ ಕೂಗಿದಳು:

"ಹುಷಾರಪ್ಪಾ! ಗೋಡೆಗೆ ಒರಗಬೇಡಿ!"